ತೊಳೆದ ಹಳೇ ರೂಪಾಯಿಗೆ ‘ಅಸಲಿ’ ಚೀಟಿ ಇದ್ದರೆ ಕೊಳ್ಳಬಹುದೇ?

ಪ್ರಶ್ನೆ:

“ಸರ್, ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕೆಲವು ಬೆಳ್ಳಿ ರೂಪಾಯಿಗಳಿಂದ ನಾಣ್ಯದ ಹುಚ್ಚು ಹತ್ತಿತು. ಈಗ ಐದನೇ ಜಾರ್ಜ್‌ನ ರೂಪಾಯಿಗಳನ್ನು ಇಸವಿವಾರು ಜೋಡಿಸುತ್ತಿದ್ದೇನೆ. 1911ರದ್ದು, ಎಲ್ಲರೂ ‘ಹಂದಿ ರೂಪಾಯಿ’ ಅನ್ನುತ್ತಾರಲ್ಲ ಅದು, ಇನ್ನೂ ಸಿಕ್ಕಿಲ್ಲ. ಒಬ್ಬ ವ್ಯಾಪಾರಿ ಎನ್‌ಜಿಸಿ ಡಬ್ಬಿಯಲ್ಲಿರುವ ನಾಣ್ಯ ತೋರಿಸಿದ್ದಾರೆ. ಚೀಟಿಯಲ್ಲಿ ‘ಎಯು ಡೀಟೇಲ್ಸ್, ಕ್ಲೀನ್ಡ್’ ಅಂತಿದೆ. ದೋಷವಿಲ್ಲದ ಎಯು ನಾಣ್ಯದ ಬೆಲೆಯಲ್ಲಿ ಕಾಲು ಭಾಗ ಕಮ್ಮಿ ಮಾಡಿ ಕೊಡುತ್ತಾರಂತೆ. ನನ್ನ ಗೆಳೆಯ ‘ತೊಳೆದ ನಾಣ್ಯಕ್ಕೆ ಬೆಳ್ಳಿ ಬೆಲೆ ಅಷ್ಟೇ, ಕೈ ಹಾಕಬೇಡ’ ಅನ್ನುತ್ತಾನೆ. ವ್ಯಾಪಾರಿ ‘ಡಬ್ಬಿ ಒಡೆದು ಎರಡು ವರ್ಷ ಬೀರುವಿನಲ್ಲಿಡಿ, ಬಣ್ಣ ತಾನೇ ಬರುತ್ತೆ, ಆಮೇಲೆ ಮತ್ತೆ ಗ್ರೇಡಿಂಗ್‌ಗೆ ಕಳಿಸಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ? ಇನ್ನೊಂದು, ನಮ್ಮವ್ವ ಅಜ್ಜನ ರೂಪಾಯಿಗಳನ್ನು ಪ್ರತಿ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಲಕ್ಷ್ಮೀಪೂಜೆಗೆ ಇಡುತ್ತಿದ್ದರು. ಅವೂ ಹಾಳಾದವೇ?”

ಉತ್ತರ:

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಈ ನಾಣ್ಯವನ್ನು ಕೊಳ್ಳಲೇಬಾರದು ಅಂತಿಲ್ಲ. ಆದರೆ ಈ ಬೆಲೆಗೆ ಬೇಡ. ವ್ಯಾಪಾರಿ ಹೇಳಿದ ಉಪಾಯವಂತೂ ಬೇಡವೇ ಬೇಡ. ಗೆಳೆಯನ ಮಾತಿನಲ್ಲಿ ಅರ್ಧ ನಿಜ ಇದೆ, ಅರ್ಧ ಸುಮ್ನೆ ಹೆದರಿಕೆ.

ನಿಮಗೆ ಚಿಂತೆ ಹುಟ್ಟಿಸಿರುವುದು ಆ ಚೀಟಿ. ಅದನ್ನೇ ಬಿಡಿಸಿ ಓದೋಣ. ಎನ್‌ಜಿಸಿ 1987ರಲ್ಲಿ ಶುರುವಾದ ಅಮೆರಿಕದ ಗ್ರೇಡಿಂಗ್ ಕಂಪನಿ, ಅಂದರೆ ನಾಣ್ಯ ಅಸಲಿಯೋ ಅಂತ ಪರೀಕ್ಷಿಸಿ, ಅದರ ಮಟ್ಟ ಅಳೆದು, ಚೀಟಿ ಸಮೇತ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಡುವ ಕಂಪನಿ. ಅದಕ್ಕೆ ತುಸು ಮುಂಚೆ ಬಂದದ್ದು ಪಿಸಿಜಿಎಸ್. ಎರಡೂ ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುತ್ತವೆ. ಈ ಅಳತೆ ಹುಟ್ಟಿದ್ದು 1949ರಲ್ಲಿ, ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೇ ದೊಡ್ಡ ತಾಮ್ರದ ಸೆಂಟ್‌ಗಳಿಗೆ ಬೆಲೆ ಕಟ್ಟಲು ಮಾಡಿಕೊಂಡ ಲೆಕ್ಕದಿಂದ. ಈಗ ಅದನ್ನೇ ನಮ್ಮ ರೂಪಾಯಿಗೂ ಹಚ್ಚುತ್ತಾರೆ. ಎಯು ಅಂದರೆ ಹೆಚ್ಚು ಕೈ ಬದಲಾಗದ, ಬಹುತೇಕ ಹೊಸದರಂತಿರುವ ನಾಣ್ಯ. ಅಂಕ 50ರಿಂದ 58ರ ನಡುವೆ. ವಿಎಫ್ ಅಂದರೆ ಸಾಕಷ್ಟು ಓಡಾಡಿದ, ಆದರೂ ಚಿತ್ರ ಚೆನ್ನಾಗಿ ಕಾಣುವ ನಾಣ್ಯ. 20ರಿಂದ 35.

ನಿಮ್ಮ ಚೀಟಿಯಲ್ಲಿ ಅಂಕವೇ ಇಲ್ಲ, ಗಮನಿಸಿದಿರಾ? ಅಲ್ಲಿರುವುದು ಮೂರು ಮಾತು. ಒಂದು, ನಾಣ್ಯ ಅಸಲಿ. ಎರಡು, ಸವೆತ ಮಾತ್ರ ನೋಡಿದರೆ ಎಯು ಮಟ್ಟದಲ್ಲಿದೆ. ಮೂರು, ಯಾರೋ ಇದನ್ನು ತಪ್ಪಾಗಿ ತೊಳೆದಿದ್ದಾರೆ, ಹಾಗಾಗಿ ಅಂಕ ಕೊಡುವುದಿಲ್ಲ. ಹೀಗೆ ದೋಷದಿಂದಾಗಿ ಅಂಕ ಸಿಗದ ನಾಣ್ಯಕ್ಕೇ ‘ಡೀಟೇಲ್ಸ್’ ಅನ್ನುವುದು. ಎಷ್ಟು ತೊಳೆದಿದ್ದಾರೆ, ಎಷ್ಟು ಕೆಟ್ಟಿದೆ ಅನ್ನುವುದನ್ನು ಚೀಟಿ ಹೇಳುವುದಿಲ್ಲ. ಮೆತ್ತಗೆ ಬಟ್ಟೆಯಲ್ಲಿ ಒರೆಸಿದ ನಾಣ್ಯಕ್ಕೂ ಅದೇ ಪದ, ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿದ್ದಕ್ಕೂ ಹೆಚ್ಚುಕಮ್ಮಿ ಅದೇ ಪದ. ಬೆಲೆ ನಿಂತಿರುವುದು ಈ ಅಂತರದ ಮೇಲೆ. ಆ ಅಂತರವನ್ನು ನೀವೇ ಕಣ್ಣಿಟ್ಟು ನೋಡಬೇಕು.

ಗೆಳೆಯನ ಹೆದರಿಕೆಗೆ ಇಲ್ಲೇ ಒಂದು ತಿದ್ದುಪಡಿ. ತೊಳೆದ ನಾಣ್ಯ ನಕಲಿ ನಾಣ್ಯವಲ್ಲ. ತೊಳೆದದ್ದೆಲ್ಲ ಬೆಳ್ಳಿ ಬೆಲೆಗೆ ಇಳಿಯುವುದೂ ಇಲ್ಲ. ಇನ್ನೂ ಒಂದು ಮಾತು ಅವರಿಗೆ ಹೇಳಿ: ಅಂಕ ಪಡೆದು ಡಬ್ಬಿಯಲ್ಲಿ ಕೂತಿರುವ ಬೆಳ್ಳಿ ನಾಣ್ಯಗಳಲ್ಲೂ ಎಷ್ಟೋ ಒಂದಲ್ಲ ಒಂದು ಸಲ ಕಪ್ಪು ತೆಗೆಯುವ ದ್ರಾವಣದಲ್ಲಿ ಅದ್ದಿದವೇ. ಸರಿಯಾಗಿ, ಸ್ವಲ್ಪವೇ ಹೊತ್ತು ಅದ್ದಿ, ಚೆನ್ನಾಗಿ ನೀರಿನಲ್ಲಿ ತೊಳೆದರೆ ಗ್ರೇಡಿಂಗ್‌ನವರು ಅದನ್ನು ದೋಷ ಅನ್ನುವುದಿಲ್ಲ. ಮೇಲ್ಮೈ ಕೆಟ್ಟಿದೆಯೋ ಇಲ್ಲವೋ ಅನ್ನುವುದಷ್ಟೇ ಅವರ ಪ್ರಶ್ನೆ.

ಹಾಗಾದರೆ ಮೇಲ್ಮೈ ಕೆಡುವುದು ಅಂದರೇನು? ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಬೆಳ್ಳಿ ಒತ್ತಡಕ್ಕೆ ಸಿಕ್ಕಿ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ. ಹರಿದ ದಿಕ್ಕಿನಲ್ಲೇ ಕಣ್ಣಿಗೆ ಬೇರೆಬೇರೆಯಾಗಿ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿ ತಿರುಗಿಸಿ. ಗಾಡಿ ಚಕ್ರದ ಅರೆಗಳು ತಿರುಗಿದ ಹಾಗೆ ಬೆಳಕಿನ ಪಟ್ಟಿಗಳು ಮೇಲ್ಮೈ ಮೇಲೆ ಸುತ್ತುತ್ತವೆ. ಸಂಗ್ರಹಕಾರರು ಲಸ್ಟರ್ ಅನ್ನುವುದು ಇದಕ್ಕೇ. ಬರೀ ಹೊಳಪು ಅಂದರೆ ಲಸ್ಟರ್ ಅಲ್ಲ. ಸ್ಟೀಲ್ ಲೋಟಕ್ಕೂ ಹೊಳಪಿದೆ, ಆದರೆ ಅಲ್ಲಿ ಏನೂ ಸುತ್ತುವುದಿಲ್ಲ. ತಿಕ್ಕಿದ ನಾಣ್ಯದ ಹೊಳಪೂ ಅಂಥದ್ದೇ. ಬೆಳ್ಳಗೆ ಕಾಣುತ್ತದೆ, ಬೆಳಕು ಮಾತ್ರ ಓಡುವುದಿಲ್ಲ.

ಇನ್ನು ಬೆಳ್ಳಿ ಕಪ್ಪಾಗುವುದು. ಅದು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ತೆಳು ಪದರವಾದರೆ ಹೊಂಬಣ್ಣ, ನೀಲಿ, ನೇರಳೆ. ದಪ್ಪವಾದರೆ ಕಪ್ಪು. ಹಳೇ ರದ್ದಿ ಕಾಗದ, ರಟ್ಟಿನ ಡಬ್ಬಿ, ರಬ್ಬರ್ ಬ್ಯಾಂಡ್ ಜೊತೆಗಿದ್ದರೆ ಬೇಗ ಬರುತ್ತದೆ. ಈ ಬಣ್ಣಕ್ಕೆ ಟೋನಿಂಗ್ ಅನ್ನುತ್ತಾರೆ. ಸಮನಾಗಿ, ಚೆಂದವಾಗಿ ಬಂದಿದ್ದರೆ ಅದಕ್ಕೆ ಜಾಸ್ತಿ ಕೊಡುವವರೂ ಇದ್ದಾರೆ. ಇಲ್ಲೇ ನೋಡಿ ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು. ಬೆಳ್ಳಿ ಅಂದರೆ ಬೆಳ್ಳಗೇ ಇರಬೇಕು ಅಂತ ನಂಬಿಕೆ. ಕಪ್ಪು ಕಂಡ ಕೂಡಲೇ ವಿಭೂತಿ, ಟೂತ್‌ಪೇಸ್ಟ್, ಹುಣಸೆಹಣ್ಣು. ವಿಭೂತಿ, ಪೇಸ್ಟ್ ಎರಡರಲ್ಲೂ ನುಣ್ಣನೆಯ ಪುಡಿ ಇದೆ, ಅದು ಗೀಚುತ್ತದೆ. ಹುಣಸೆಹಣ್ಣಿನ ಹುಳಿ ಒಂದು ಕಡೆ, ಅದರ ನಾರು ಮತ್ತು ಬೆರಳಿನ ಒತ್ತಡ ಇನ್ನೊಂದು ಕಡೆ. ಅಂಗಡಿಯ ದ್ರಾವಣದಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತದೆ. ಅದು ಕಪ್ಪನ್ನು ಕರಗಿಸುವಾಗ ಮೇಲಿನ ಬೆಳ್ಳಿಯನ್ನೂ ಒಂದಿಷ್ಟು ಎಳೆದುಕೊಂಡು ಹೋಗುತ್ತದೆ. ಒಂದು ಸಲಕ್ಕೆ ತಡೆಯುತ್ತದೆ. ಪದೇಪದೇ ಅದ್ದಿದರೆ ಆ ಸಣ್ಣ ಗೆರೆಗಳು ಅಳಿದು ಸುಣ್ಣ ಬಳಿದಂಥ ಮಂಕು ಬಿಳುಪು ಉಳಿಯುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ವಿದ್ಯೆ ವಿಡಿಯೋಗಳಲ್ಲಿ ಚೆನ್ನಾಗಿ ಕಾಣುತ್ತದೆ. ಕಪ್ಪು ಹೋಗುವುದು ನಿಜ, ಲಸ್ಟರ್ ವಾಪಸ್ ಬರುವುದಿಲ್ಲ. ಚಮಚಕ್ಕೆ ಸರಿ, ನಾಣ್ಯಕ್ಕೆ ಬೇಡ.

ಈಗ ನಿಮ್ಮ ನಾಣ್ಯಕ್ಕೆ ಬರೋಣ. ವ್ಯಾಪಾರಿಯ ಅಂಗಡಿಯ ಬಿಳಿ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಅಲ್ಲಿ ಎಲ್ಲ ನಾಣ್ಯವೂ ಒಳ್ಳೆಯದೇ. ಒಂದೇ ಬಲ್ಬಿನ ಮೇಜುದೀಪ ಕೇಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಒಯ್ಯಿರಿ. ಡಬ್ಬಿಯನ್ನು ದೀಪದ ಕೆಳಗೆ ಹಿಡಿದು ನಿಧಾನವಾಗಿ ಓರೆ ಮಾಡಿ, ಪೂರ್ತಿ ಒಂದು ಸುತ್ತು ತಿರುಗಿಸಿ. ಜಾರ್ಜ್ ಎಡಕ್ಕೆ ಮುಖ ಮಾಡಿದ್ದಾನೆ. ಅವನ ಮೂಗು, ಗಡ್ಡದ ಮುಂದಿರುವ ಖಾಲಿ ಜಾಗವನ್ನೇ ಮೊದಲು ನೋಡಿ. ತಿಕ್ಕಿದ ಗುರುತು ಮೊದಲು ಕಾಣುವುದು ಅಲ್ಲಿ. ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿನಲ್ಲಿ ಹೋಗಿ, ಅಕ್ಷರದ ಬುಡಕ್ಕೆ ಬಂದು ನಿಂತು, ಅಕ್ಷರ ದಾಟಿದ ಮೇಲೆ ಮತ್ತೆ ಶುರುವಾದರೆ ಅದು ಬಟ್ಟೆಯೋ ಬ್ರಷ್ಷೋ ಓಡಾಡಿದ ದಾರಿ. ಜೇಬಿನಲ್ಲಿ, ಗಲ್ಲಾದಲ್ಲಿ ಬಿದ್ದ ಗೀರುಗಳು ಹೀಗೆ ಶಿಸ್ತಾಗಿ ಇರುವುದಿಲ್ಲ. ಅಡ್ಡಾದಿಡ್ಡಿ ಇರುತ್ತವೆ.

ಆಮೇಲೆ ಅಕ್ಷರಗಳ ಸಂದಿ ನೋಡಿ. ಬಯಲೆಲ್ಲ, ಅಂದರೆ ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗವೆಲ್ಲ, ಬೆಳ್ಳಗಿದ್ದು ಅಕ್ಷರದ ಬುಡದಲ್ಲಿ, ಕಿರೀಟದ ಮಣಿಗಳ ನಡುವೆ ಮಾತ್ರ ಕಪ್ಪು ಕೂತಿದ್ದರೆ ಮೇಲೆ ತಿಕ್ಕಿದ್ದಾರೆ, ಸಂದಿಗೆ ಕೈ ಹೋಗಿಲ್ಲ. ಕೆನ್ನೆ ಮತ್ತು ಬಯಲು ಎರಡೂ ಒಂದೇ ಥರ ಬೆಳ್ಳಗಿದ್ದು ಬೆಳಕಿನ ಪಟ್ಟಿ ಎಲ್ಲೂ ಸುತ್ತದಿದ್ದರೆ ಅತಿಯಾಗಿ ಅದ್ದಿದ್ದಾರೆ. ಒಂದು ಎಚ್ಚರ: ಡಬ್ಬಿಯ ಪ್ಲಾಸ್ಟಿಕ್ ಮೇಲಿನ ಗೀರನ್ನು ನಾಣ್ಯದ ಗೀರು ಅಂದುಕೊಳ್ಳುವುದು ಸುಲಭ. ಲೂಪನ್ನು ತುಸು ಮೇಲೆ ಕೆಳಗೆ ಮಾಡಿ. ನಾಣ್ಯ ಸ್ಪಷ್ಟವಾದಾಗ ಮಸುಕಾಗುವ ಗೀರು ಪ್ಲಾಸ್ಟಿಕ್‌ನದ್ದು.

ಲೂಪ್ ಕೈಯಲ್ಲಿರುವಾಗಲೇ ರಾಜನ ನಿಲುವಂಗಿ ಮೇಲಿನ ಸರಪಳಿಗೆ ಬನ್ನಿ. ಅಲ್ಲಿ ಒಂದು ಸಣ್ಣ ಆನೆ ಇದೆ. ಸೊಂಡಿಲು ಮೋಟಾಗಿ ಬಂದಿದ್ದರಿಂದ ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಮುಸ್ಲಿಮರಿಗೆ ನೋವಾಯಿತು, ಗಲಾಟೆಯಾಯಿತು, ಸರ್ಕಾರ ನಾಣ್ಯ ಹಿಂತೆಗೆದುಕೊಂಡು ಬಹುಪಾಲನ್ನು ಕರಗಿಸಿತು. 1912ರಿಂದ ಆನೆಯ ಸೊಂಡಿಲು ಆನೆಯ ಸೊಂಡಿಲಿನ ಹಾಗೇ ಕಾಣುವಂತೆ ಅಚ್ಚು ತಿದ್ದಿದರು. ಇದರಿಂದ ನಮಗೊಂದು ಅನುಕೂಲ ಆಗಿದೆ. ಇಸವಿ 1911 ಇದ್ದು ಆನೆಯ ಸೊಂಡಿಲು ಉದ್ದಕ್ಕೆ, ನೆಟ್ಟಗೆ ಇಳಿದಿದ್ದರೆ ಬೇರೆ ವರ್ಷದ ನಾಣ್ಯದ ಅಂಕಿ ತಿದ್ದಿದ್ದಾರೆ ಅಂತಲೇ ತಿಳಿಯಿರಿ. ಬಿಡಿ ನಾಣ್ಯ ಕೊಳ್ಳುವಾಗ ಇದು ನೆನಪಿರಲಿ. ಜೊತೆಗೆ ತೂಕ 11.66 ಗ್ರಾಂ, ಅಂದರೆ ಹಳೇ ಲೆಕ್ಕದ ಒಂದು ತೊಲ. ಸವೆತಕ್ಕೆ ಒಂದಿಷ್ಟು ಕಮ್ಮಿಯಾಗಬಹುದು, ಜಾಸ್ತಿ ಇದ್ದರೆ ಅನುಮಾನಪಡಿ. ಹಿಂಬದಿಯಲ್ಲಿ ಕೆಳಗಿನ ತಾವರೆಯ ಹತ್ತಿರ ಸಣ್ಣ ಚುಕ್ಕೆ ಇದ್ದರೆ ಮುಂಬೈ ಟಂಕಸಾಲೆ, ಇಲ್ಲದಿದ್ದರೆ ಕೋಲ್ಕತ್ತ.

ಈಗ ಬೆಲೆಯ ಮಾತು. 1911ರ ರೂಪಾಯಿ ಹೊರಗೆ ಬಂದದ್ದು ಸುಮಾರು 7 ಲಕ್ಷ ಅಂತ ಕ್ಯಾಟಲಾಗ್‌ಗಳು ಹೇಳುತ್ತವೆ. ಬೇರೆ ವರ್ಷಗಳ ಕೋಟಿಗಟ್ಟಲೆಯ ಮುಂದೆ ಇದು ಕಮ್ಮಿ, ಆದರೂ ಸಿಗದ ನಾಣ್ಯವಲ್ಲ. ಕಥೆ ಚೆನ್ನಾಗಿದ್ದುದರಿಂದ ಜನ ಆಗಲೇ ಎತ್ತಿಟ್ಟುಕೊಂಡರು. ಬೆಂಗಳೂರು, ಮುಂಬೈಯ ಹರಾಜುಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಬೇಕಾದಷ್ಟು ಸಿಗುವ ನಾಣ್ಯದಲ್ಲಿ ದೋಷ ಇರುವುದನ್ನು ಕಾಲು ಭಾಗದ ರಿಯಾಯಿತಿಗೆ ಯಾಕೆ ತೆಗೆದುಕೊಳ್ಳಬೇಕು? ಎಯು ಬೆಲೆಯಿಂದ ಕೆಳಗೆ ಇಳಿಯುತ್ತ ಬರುವುದು ಮಾರುವವರ ಲೆಕ್ಕ. ಕೊಳ್ಳುವವರು ಕೆಳಗಿನಿಂದ ಮೇಲೆ ಹತ್ತಬೇಕು. ತೊಳೆಯದ, ನ್ಯಾಯವಾಗಿ ಸವೆದ ವಿಎಫ್ ನಾಣ್ಯ ಎಷ್ಟಕ್ಕೆ ಸಿಗುತ್ತದೆ? ನಾನಾದರೆ ತಿಳಿಯಾಗಿ ತೊಳೆದ ಎಯು ಡೀಟೇಲ್ಸ್ ನಾಣ್ಯಕ್ಕೆ ಅದರ ಆಸುಪಾಸು ಕೊಡುತ್ತೇನೆ. ಗಟ್ಟಿಯಾಗಿ ತಿಕ್ಕಿದ್ದರೆ ಅಷ್ಟೂ ಇಲ್ಲ. ಹರಾಜು ಮನೆಗಳು ಹಿಂದಿನ ಹರಾಜಿನಲ್ಲಿ ಯಾವ ನಾಣ್ಯ ಎಷ್ಟಕ್ಕೆ ಹೋಯಿತು ಅನ್ನುವುದನ್ನು ಪ್ರಕಟಿಸುತ್ತವೆ. ಅದನ್ನು ನೋಡಿ ಹೋಗಿ. ಅಂಗಡಿಯವರು ಹೇಳುವ ‘ಮಾರ್ಕೆಟ್ ರೇಟ್’ ಬಹಳ ಸಲ ಅವರು ಕೇಳುವ ರೇಟ್ ಅಷ್ಟೇ.

ಮಾರುವಾಗಿನ ಕಷ್ಟವನ್ನೂ ಈಗಲೇ ಯೋಚಿಸಿ. ದೋಷವಿಲ್ಲದ ನಾಣ್ಯಕ್ಕೆ ಗಿರಾಕಿ ತಾವೇ ಬರುತ್ತಾರೆ. ಡೀಟೇಲ್ಸ್ ನಾಣ್ಯವನ್ನು ಮಾರಲು ನೀವು ಗಿರಾಕಿ ಹುಡುಕಬೇಕು. ಬಂದವರು ಮೊದಲು ಕೇಳುವುದೂ ‘ತೊಳೆದದ್ದಲ್ವಾ?’ ಅಂತಲೇ. ಮಗನ ಓದಿಗೆ, ಮದುವೆಗೆ ದುಡ್ಡಾಗಲಿ ಅಂತ ಕೊಳ್ಳುವುದಾದರೆ ಈ ಜಾತಿಯ ನಾಣ್ಯ ಮುಟ್ಟಬೇಡಿ. ಆಲ್ಬಮ್ಮಿನ ತೂತು ತುಂಬಬೇಕು, ನೋಡಿ ಖುಷಿಪಡಬೇಕು ಅಂದರೆ ಬೇರೆ ಮಾತು.

ಇದೇ ಚೀಟಿ ಇನ್ನೊಂದು ನಾಣ್ಯದ ಮೇಲಿದ್ದರೆ ನಾನು ಬೇರೆಯೇ ಹೇಳುತ್ತಿದ್ದೆ. ಆರನೇ ಜಾರ್ಜ್‌ನ 1939ರ ರೂಪಾಯಿ ತೆಗೆದುಕೊಳ್ಳಿ. ನಿಜಕ್ಕೂ ಅಪರೂಪ. ಅದಕ್ಕೇ ನಕಲು ಮಾಡುವವರಿಗೆ ಅಚ್ಚುಮೆಚ್ಚು. ಎರಕ ಹೊಯ್ದವು, ಅಂಕಿ ತಿದ್ದಿದವು, ಹೊಸ ಅಚ್ಚಿನಲ್ಲಿ ಹೊಡೆದವು ಎಲ್ಲ ಓಡಾಡುತ್ತಿವೆ. ಅಂಥ ನಾಣ್ಯದಲ್ಲಿ ‘ಅಸಲಿ’ ಅನ್ನುವ ಒಂದು ಮಾತಿಗೇ ಬೆಲೆಯ ದೊಡ್ಡ ಪಾಲು ಸಲ್ಲುತ್ತದೆ. ತೊಳೆದಿದ್ದರೂ ಪರವಾಗಿಲ್ಲ ಅಂತ ತಿಳಿದವರೇ ಕೊಳ್ಳುತ್ತಾರೆ, ಯಾಕೆಂದರೆ ತೊಳೆಯದ್ದು ಕಾದರೂ ಸಿಗದಿರಬಹುದು. ನಿಮ್ಮ 1911ಕ್ಕೆ ಆ ತೊಂದರೆ ಇಲ್ಲ.

ದೋಷಗಳಲ್ಲೂ ಜಾತಿ ಇದೆ. ನೀವು ಮುಂದೆ ಬೇರೆ ನಾಣ್ಯ ಕೊಳ್ಳುವಾಗ ಚೀಟಿಯಲ್ಲಿ ಬೇರೆ ಪದಗಳು ಸಿಗುತ್ತವೆ, ಅದಕ್ಕೆ ಹೇಳುತ್ತಿದ್ದೇನೆ. ಯಾವ ಕಾಲದಲ್ಲೋ ತಿಳಿಯಾಗಿ ಒರೆಸಿ, ಆಮೇಲೆ ದಶಕಗಟ್ಟಲೆ ಸುಮ್ಮನಿದ್ದು ತಾನೇ ಬೂದುಬಣ್ಣಕ್ಕೆ ತಿರುಗಿದ ನಾಣ್ಯ ಕಣ್ಣಿಗೆ ಹಿತವಾಗೇ ಇರುತ್ತದೆ. ನನ್ನ ಪ್ರಕಾರ ಡೀಟೇಲ್ಸ್ ಪೈಕಿ ಕೊಳ್ಳಲು ಯೋಗ್ಯವಾದದ್ದು ಇದೇ. ‘ಪಾಲಿಶ್ಡ್’, ‘ವಿಜ್ಡ್’ ಅಂತಿದ್ದರೆ ದೂರ ಇರಿ. ವಿಜ್ಡ್ ಅಂದರೆ ತಿರುಗುವ ತಂತಿ ಬ್ರಷ್ಷಿನಲ್ಲಿ ಉಜ್ಜಿ ಹೊಸದರ ಲಸ್ಟರ್ ಬಂದಂತೆ ಕಾಣಿಸುವುದು. ಅದು ಮೋಸದ ಉದ್ದೇಶದಿಂದಲೇ ಮಾಡುವ ಕೆಲಸ. ‘ಟೂಲ್ಡ್’ ಕೂಡ ಹಾಗೇ. ಸವೆದ ಗೆರೆಗಳನ್ನು ಉಳಿಯಿಂದ ಮತ್ತೆ ಕೊರೆದಿರುತ್ತಾರೆ.

ಒಡವೆ ಮಾಡಿದ ನಾಣ್ಯದ ಕಥೆ ನಮ್ಮ ಕಡೆ ಬಲು ದೊಡ್ಡದು. ಲಂಬಾಣಿ ಹೆಣ್ಣುಮಕ್ಕಳ ಸರಗಳಲ್ಲಿ ರೂಪಾಯಿ, ಎಂಟಾಣೆ, ನಾಲ್ಕಾಣೆ. ಕೊಡಗಿನ ಪತ್ತಾಕ್ ಅನ್ನುವ ಕೊರಳ ಒಡವೆಯಲ್ಲಿ ಚಿನ್ನದ ಸವರನ್ ನಾಣ್ಯ. ವಿಜಯನಗರದ ಪುಟ್ಟ ವರಾಹಗಳು ಎಷ್ಟು ಕೊರಳು ಕಂಡಿವೆಯೋ ಲೆಕ್ಕವಿಲ್ಲ. ಇವಕ್ಕೆ ಅಕ್ಕಸಾಲಿಗರು ಅಂಚಿನಲ್ಲಿ ಕೊಂಡಿ ಬೆಸೆದಿರುತ್ತಾರೆ. ಮಾರುವ ಮುಂಚೆ ಕೊಂಡಿ ಕಿತ್ತು, ಅಂಚು ಅರದಿಂದ ಉಜ್ಜಿ, ಬೆಸುಗೆ ಕಾಣದಂತೆ ಮಾಡುತ್ತಾರೆ. ಹಾಗಾಗಿ ಮುಖ ನೋಡುವ ಮುಂಚೆ ಅಂಚು ನೋಡಿ. ಗಡಿಯಾರದ ಹನ್ನೆರಡು ಗಂಟೆಯ ಜಾಗವನ್ನು, ಮತ್ತು ರಾಜನ ತಲೆ ನೆಟ್ಟಗೆ ನಿಲ್ಲುವ ದಿಕ್ಕನ್ನು ವಿಶೇಷವಾಗಿ. ಕೊರಳಿನಲ್ಲಿ ತೂಗುವಾಗ ರಾಜ ತಲೆಕೆಳಗಾಗಿ ಇರಬಾರದಲ್ಲ, ಅದಕ್ಕೇ ಕೊಂಡಿ ಬಹುಮಟ್ಟಿಗೆ ಅಲ್ಲೇ. ರೂಪಾಯಿಯ ಅಂಚಿನ ಹಲ್ಲುಗಳು ಒಂದು ಕಡೆ ಮಾತ್ರ ಸವೆದಿದ್ದರೆ, ಅಥವಾ ಅಲ್ಲಿ ಬೆಳ್ಳಿಯ ಬಣ್ಣ ತುಸು ಹಳದಿಗಿದ್ದರೆ, ಕೊಂಡಿ ಕಿತ್ತ ನಾಣ್ಯ. ತೂತು ಮುಚ್ಚಿದ್ದು ಇದಕ್ಕಿಂತ ಕೆಟ್ಟದ್ದು. ತೂತು ತೂತಾಗೇ ಇದ್ದರೆ ಕನಿಷ್ಠ ಅದು ಸುಳ್ಳು ಹೇಳುವುದಿಲ್ಲ, ಅಗ್ಗಕ್ಕೂ ಸಿಗುತ್ತದೆ.

ಹಿಂದೆ ನಾಣ್ಯ ಪರೀಕ್ಷಿಸುತ್ತಿದ್ದ ಚಿನಿವಾರರು ಹೊಡೆದ ಮುದ್ರೆ ಇದೆಯಲ್ಲ, ಮೊಗಲರ ರೂಪಾಯಿಗಳ ಮೇಲೆ ಸಣ್ಣ ಸಣ್ಣ ಗುರುತುಗಳು, ಅದನ್ನು ನಾನು ದೋಷ ಅಂತ ನೋಡುವುದಿಲ್ಲ. ಬೆಳ್ಳಿ ಸರಿಯಿದೆ ಅಂತ ಪರೀಕ್ಷಿಸಿ ಹಾಕಿದ ಗುರುತು ಅದು. ಆ ನಾಣ್ಯ ಪೇಟೆಯಲ್ಲಿ ನಿಜವಾಗಿ ಓಡಾಡಿತ್ತು ಅನ್ನುವುದಕ್ಕೆ ಸಾಕ್ಷಿ. ಕೆಲವರು ಬೆಲೆ ಇಳಿಸುತ್ತಾರೆ. ಇಳಿಸಿದರೆ ಕೊಳ್ಳುವವರಿಗೆ ಲಾಭ.

ತಾಮ್ರದಲ್ಲಿ ಮಾತ್ರ ಎಚ್ಚರ. ಟಿಪ್ಪುವಿನ ಆನೆ ಪೈಸೆಗಳಿಗೆ ‘ಎನ್ವಿರಾನ್ಮೆಂಟಲ್ ಡ್ಯಾಮೇಜ್’ ಅಂತ ಚೀಟಿ ಇದ್ದರೆ ಎರಡು ಬಗೆ. ನಯವಾಗಿ, ಗಟ್ಟಿಯಾಗಿ ಕೂತ ಕಡು ಹಸಿರೋ ಕಂದೋ ಆದರೆ ಅದು ನಿಂತ ಕಿಲುಬು, ಭಯವಿಲ್ಲ. ತಿಳಿಹಸಿರು ಪುಡಿ, ಬೆರಳಿಗೆ ಹತ್ತುವಂಥದ್ದು, ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಅದಕ್ಕೆ ಬ್ರಾಂಜ್ ಡಿಸೀಸ್ ಅನ್ನುತ್ತಾರೆ. ಮಣ್ಣಿನಲ್ಲಿದ್ದಾಗ ಸೇರಿದ ಉಪ್ಪಿನ ಅಂಶ ಗಾಳಿಯ ತೇವ ಸಿಕ್ಕಿದಾಗಲೆಲ್ಲ ತಾಮ್ರವನ್ನು ತಿನ್ನುತ್ತ ಹೋಗುತ್ತದೆ. ಡಬ್ಬಿಯೊಳಗೆ ಇದ್ದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಮಂಗಳೂರು, ಕಾರವಾರದ ಕಡೆಯವರು ಇಂಥದ್ದು ಎಷ್ಟೇ ಅಗ್ಗವಾದರೂ ಮನೆಗೆ ತರಬೇಡಿ.

ಇನ್ನು ಆ ಉಪಾಯ: ಡಬ್ಬಿ ಒಡೆದು, ಬೀರುವಿನಲ್ಲಿಟ್ಟು, ಬಣ್ಣ ಬರಿಸಿ, ಮತ್ತೆ ಕಳಿಸುವುದು. ಮೂರು ಕಡೆ ಇದು ಕೆಡುತ್ತದೆ. ಬಣ್ಣ ಬರಬಹುದು, ಆದರೆ ಗೆರೆಗಳು ಬಣ್ಣದ ಕೆಳಗೆ ಹಾಗೇ ಇರುತ್ತವೆ. ಗ್ರೇಡಿಂಗ್‌ನವರು ದಿನಾ ನೋಡುವುದೇ ಇದನ್ನು. ಬಣ್ಣ ಬೇಗ ಬರಲಿ ಅಂತ ಮೊಟ್ಟೆಯ ಹಳದಿ, ಗಂಧಕ, ಒಲೆ ಅಂತ ಪ್ರಯೋಗ ಮಾಡಿದರೆ ‘ಕೃತಕ ಬಣ್ಣ’ ಅನ್ನುವ ಇನ್ನೊಂದು ಚೀಟಿ ಬರುತ್ತದೆ. ಎರಡನೆಯದು, ಡಬ್ಬಿ ಒಡೆದ ಕ್ಷಣ ನೀವು ದುಡ್ಡು ಕೊಟ್ಟು ಕೊಂಡ ಒಂದೇ ಗ್ಯಾರಂಟಿ, ಅಂದರೆ ಅಸಲಿ ಅನ್ನುವ ಮಾತು, ಹೋಯಿತು.

ಮೂರನೆಯದನ್ನು ಆ ವ್ಯಾಪಾರಿ ಹೇಳಬೇಕಿತ್ತು. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. 1911ರ ರೂಪಾಯಿ ಆ ಗಡಿ ದಾಟಿ ವರ್ಷಗಳಾದವು. ಗ್ರೇಡಿಂಗ್‌ಗೆ ಅಂತ ಅಮೆರಿಕಕ್ಕೆ ಪಾರ್ಸೆಲ್ ಮಾಡಿದರೆ ಅದು ಕಾನೂನು ಮುರಿದಂತೆ, ವಾಪಸ್ ತರಿಸುತ್ತೇನೆ ಅಂದರೂ ಅಷ್ಟೇ. ‘ನಾನು ಕಳಿಸಿಕೊಡ್ತೀನಿ, ನೀವು ತಲೆ ಕೆಡಿಸ್ಕೋಬೇಡಿ’ ಅನ್ನುವವರ ಕೈಗೆ ಹಳೇ ನಾಣ್ಯ ಕೊಡಬೇಡಿ. ಬ್ಯಾಂಕಿನಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಬ್ಬಿಯೂ ನಕಲಿ ಆಗಬಹುದು, ಅದೊಂದು ಮರೆಯಬೇಡಿ. ಎರಡೂ ಕಂಪನಿಗಳ ಡಬ್ಬಿಗಳ ನಕಲು ಬಂದಿದೆ. ಚೀಟಿಯ ಮೇಲಿನ ನಂಬರನ್ನು ಕಂಪನಿಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ವ್ಯಾಪಾರಿಯ ಮೊಬೈಲಿನಲ್ಲಿ ತೋರಿಸಿದ್ದನ್ನು ನಂಬಬೇಡಿ. ನಂಬರ್ ಸಿಕ್ಕರೆ ಸಾಲದು, ಏಕೆಂದರೆ ನಕಲು ಮಾಡುವವರು ನಿಜವಾದ ನಂಬರನ್ನೇ ಎತ್ತಿ ಹಾಕುತ್ತಾರೆ. ಅಲ್ಲಿ ಫೋಟೋ ಇದ್ದರೆ ನಿಮ್ಮೆದುರಿನ ನಾಣ್ಯದ ಒಂದು ಗೀರನ್ನೋ ಕಲೆಯನ್ನೋ ಹಿಡಿದು ಹೋಲಿಸಿ. ಎರಡು ನಾಣ್ಯದ ಮೇಲೆ ಒಂದೇ ಜಾಗದಲ್ಲಿ ಒಂದೇ ಥರದ ಗೀರು ಇರುವುದಿಲ್ಲ.

ಹಾಗಾದರೆ ನಿಮ್ಮ ಮುಂದಿರುವ ದಾರಿ ಏನು? ನನಗೆ ಹಿಡಿಸುವುದು ಅಂಕ ಪಡೆದ ವಿಎಫ್ ನಾಣ್ಯ. ಕೆನ್ನೆ ಸವೆದಿರುತ್ತದೆ, ಆದರೆ ಮುಖ ತೊಳೆದಿರುವುದಿಲ್ಲ. ಮಾರುವುದೂ ಸುಲಭ. ಡಬ್ಬಿ ಬೇಕೇಬೇಕು ಅಂತಿಲ್ಲದಿದ್ದರೆ ಹರಾಜಿನಲ್ಲಿ ಬಿಡಿ ನಾಣ್ಯ ನೋಡಿ. ಹರಾಜಿಗೆ ಮುಂಚೆ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. ಆ ದಿನ ಹೋಗಿ, ಕೊಳ್ಳದಿದ್ದರೂ ಪರವಾಗಿಲ್ಲ. ಒಳ್ಳೆಯ ನಾಣ್ಯ ಹತ್ತಾರು ನೋಡಿದರೆ ತೊಳೆದದ್ದು ತಾನೇ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಅಪಾಯ ಒಂದೇ. ಕ್ಯಾಟಲಾಗ್‌ನಲ್ಲಿ ‘ತೊಳೆದದ್ದು’ ಅಂತ ಬರೆಯದೇ ಇರಬಹುದು. ಬರೀ ಫೋಟೋ ನೋಡಿ ಕೂಗಿದರೆ ಗೊತ್ತಾಗುವುದಿಲ್ಲ, ಸಣ್ಣ ಗೆರೆಗಳು ಫೋಟೋದಲ್ಲಿ ಮಾಯವಾಗಿಬಿಡುತ್ತವೆ. ವಿದೇಶದಿಂದ ತರಿಸುವುದೂ ಉಂಟು. ಆದರೆ ಸುಂಕ, ತೆರಿಗೆ, ಕೊರಿಯರ್ ಸೇರಿಸಿ ಲೆಕ್ಕ ಹಾಕಿದ ಮೇಲೆ ಅಗ್ಗ ಅನಿಸಿದ್ದು ಅಗ್ಗವಾಗಿ ಉಳಿಯುವುದಿಲ್ಲ.

ಇನ್ನು ಅವ್ವನ ರೂಪಾಯಿಗಳು. ತಿಕ್ಕಿದ್ದರಿಂದ ಮೇಲ್ಮೈ ಹೋಗಿರುವುದು ಹೋಗಿದೆ, ಅದಕ್ಕೆ ಔಷಧಿ ಇಲ್ಲ. ಆದರೆ ನಷ್ಟ ನೀವು ಅಂದುಕೊಂಡಷ್ಟಿಲ್ಲ. ಅಜ್ಜನ ಪೆಟ್ಟಿಗೆಗಳಲ್ಲಿ ಸಿಗುವುದು ಸಾಮಾನ್ಯವಾಗಿ 1916, 1917, 1918ರವು. ಮೊದಲ ಮಹಾಯುದ್ಧದಲ್ಲಿ ರೂಪಾಯಿಗೆ ಎಷ್ಟು ಬೇಡಿಕೆ ಬಂತೆಂದರೆ ಟಂಕಸಾಲೆಗೆ ಬೆಳ್ಳಿ ಸಾಲಲಿಲ್ಲ. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ತನ್ನ 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು. ಅದರ ಬಹುಪಾಲು ಬ್ರಿಟನ್ನಿನ ಮೂಲಕ ಬಂದದ್ದು ಭಾರತಕ್ಕೇ. ಅಂಥ ಕಾಲದ ರೂಪಾಯಿಗಳು ಇವತ್ತಿಗೂ ರಾಶಿ ಇವೆ. ಅವಕ್ಕೆ ಬೆಳ್ಳಿ ಬೆಲೆಯ ಮೇಲೆ ಸಂಗ್ರಹದ ಬೆಲೆ ಸ್ವಲ್ಪವೇ. ಗೆಳೆಯನ ಮಾತು ನಿಜವಾಗುವುದು ಇಂಥ ನಾಣ್ಯಗಳಲ್ಲಿ. ಮಾರುವ ವಿಚಾರ ಇಲ್ಲ ಅಂದರೆ ಈ ಲೆಕ್ಕವೇ ಬೇಡ ಬಿಡಿ.

ಇನ್ನು ಮುಂದೆ ಪೂಜೆಗೆ ಎರಡು ನಾಣ್ಯ ಬೇರೆ ತೆಗೆದಿಡಿ, ಅರಿಶಿನ, ಕುಂಕುಮ, ಪಂಚಾಮೃತ ಎಲ್ಲ ಅವಕ್ಕೇ ಇರಲಿ. ಉಳಿದವನ್ನು ತಿಕ್ಕಬೇಡಿ ಅಂತ ಅವ್ವನಿಗೆ ಹೇಳಿ. ಕಪ್ಪಾದರೆ ಆಗಲಿ. ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್ಮಿನಲ್ಲಿ ಹಾಕಬೇಡಿ, ವರ್ಷಗಳು ಕಳೆದರೆ ಅದು ಹಸಿರು ಜಿಡ್ಡು ಬಿಡುತ್ತದೆ. ಈಗಾಗಲೇ ಜಿಡ್ಡು ಹತ್ತಿದ್ದರೆ ಅದೊಂದಕ್ಕೆ ಮಾತ್ರ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಬಹುದು. ಅಸಿಟೋನ್ ಬೆಳ್ಳಿಯನ್ನು ಮುಟ್ಟುವುದಿಲ್ಲ. ಉಗುರಿನ ಬಣ್ಣ ತೆಗೆಯುವ ಸೀಸೆಯದ್ದು ಬೇಡ, ಅದರಲ್ಲಿ ಎಣ್ಣೆ, ವಾಸನೆ ಎಲ್ಲ ಬೆರೆಸಿರುತ್ತಾರೆ. ಕಿಟಕಿ ತೆಗೆದು, ಒಲೆ, ದೀಪ, ಊದುಬತ್ತಿಯಿಂದ ದೂರದಲ್ಲಿ ಮಾಡಿ. ಒರೆಸಬೇಡಿ, ಹಾಗೇ ಆರಲು ಬಿಡಿ.

ಆ ವ್ಯಾಪಾರಿಗೆ ಇಷ್ಟು ಹೇಳಿ ನೋಡಿ: ಒಂದೇ ದೀಪದ ಕೆಳಗೆ ಡಬ್ಬಿಯನ್ನು ತಿರುಗಿಸುವ ಸಣ್ಣ ವಿಡಿಯೋ ಕಳಿಸಿ, ಅಂಚಿನ ಫೋಟೋ ಕಳಿಸಿ, ವಿಎಫ್ ಬೆಲೆಗೆ ಕೊಡುವುದಾದರೆ ಬರುತ್ತೇನೆ. ವಿಡಿಯೋದಲ್ಲಿ ಬೆಳಕಿನ ಪಟ್ಟಿ ಮಸುಕಾಗಿಯಾದರೂ ಸುತ್ತುತ್ತಿದ್ದು, ಗೆರೆಗಳು ರಾಜನ ಮುಖದ ಮುಂದೆ ಮಾತ್ರ ಇದ್ದರೆ ಅದು ತಿಳಿಯಾಗಿ ಒರೆಸಿದ ನಾಣ್ಯ. ಆ ಬೆಲೆಗೆ ತೆಗೆದುಕೊಳ್ಳಿ, ಡಬ್ಬಿ ಒಡೆಯದೆ ಇಟ್ಟುಕೊಳ್ಳಿ. ವಿಡಿಯೋ ಕಳಿಸಲು ಒಪ್ಪದಿದ್ದರೆ ಬಿಡಿ, ಮುಂದಿನ ಹರಾಜಿನ ಪಟ್ಟಿ ನೋಡಿ.